ಬಿರುದಿಗೊಂದು ಬಿನ್ನವತ್ತಳೆ
1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಲ್ಲಿ, ಕೆಲವರು ಕತ್ತಿ ಗುರಾಣಿ ಹಿಡಿದು ಮಧ್ಯಯುಗದ ಔತಣಕೂಟ ನಡೆಸಿದರು. ಅದರಿಂದ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂನಲ್ಲಿ ಈಗ ರಾಜರಾಣಿಯರೇ ಇದ್ದಾರೆ. ಸೋಮವಾರ ಅವರೂ ಆಫೀಸಿಗೆ ಹೋಗಬೇಕು, ಆ ಮಾತು ಬೇರೆ. ರಾಜನೆಂದ ಮೇಲೆ ಬಿರುದು ಕೊಡಬೇಕು, ಬಿರುದೆಂದ ಮೇಲೆ ಬಣ್ಣಬಣ್ಣದ ಬಿನ್ನವತ್ತಳೆ ಬೇಕು.

ಬರೆಯುವ ಸ್ವಯಂಸೇವಕರಿಗೆ ಎಲ್ಲವೂ ಅಪ್ಪಟವಾಗಿರಬೇಕೆಂಬ ಹಟ. ಕರುವಿನ ಚರ್ಮದ ಬೆಲೆ ಕೇಳಿದೊಡನೆ ಹಟ ಕಾಗದಕ್ಕಿಳಿಯುತ್ತದೆ. ಹಳದಿಗೆ ಅಂದಿನ ಹರಿತಾಳವೇ ಬೇಕೆನ್ನುವವರಿಗೆ ಅದು ಆರ್ಸೆನಿಕ್ ಎಂದು ತಿಳಿಸಿ ನೋಡಿ: ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವವರು ತಕ್ಷಣ ಟ್ಯೂಬಿನ ಬಣ್ಣಕ್ಕೆ ಶರಣು. ಚಿನ್ನದ್ದು ಮಾತ್ರ ಹಳೇ ಪದ್ಧತಿಯೇ. ಗೆಸ್ಸೋ ಎಂಬ ಉಬ್ಬಿಸಿದ ಅಂಟುಲೇಪದ ಮೇಲೆ ‘ಹಾ’ ಎಂದು ಬಿಸಿಯುಸಿರು ಬಿಟ್ಟು, ಪಸೆ ಆರುವುದರೊಳಗೆ ರೇಕು ಕೂರಿಸಬೇಕು. ಆಗ ಸೀನು ಬಂದರೆ ಚಿನ್ನವೆಲ್ಲ ಬೆಕ್ಕಿನ ಮೂತಿಗೆ.

ನಿಜಕ್ಕೂ ಆಗಿನ ಅರಸರ ಸನದುಗಳು ಹೆಚ್ಚಾಗಿ ಬರೀ ಮಸಿ ಬರಹ, ಜೊತೆಗೊಂದು ಮೇಣದ ಮುದ್ರೆ. ಹೂಬಳ್ಳಿಯ ವೈಭವ ಪ್ರಾರ್ಥನಾ ಪುಸ್ತಕಗಳದ್ದು. ಆದರೆ ಅಷ್ಟು ಅಪ್ಪಟವಾದದ್ದನ್ನು ಕೊಟ್ಟರೆ ಬಿರುದಾಂಕಿತರ ಮುಖ ನೋಡುವವರಾರು? ಅಂಚಿನಲ್ಲಿ ಬಸವನಹುಳುವಿಗೆ ಹೆದರಿ ಕತ್ತಿ ಬಿಸುಟ ವೀರನನ್ನು ಬರೆದರೆ ಮಾತ್ರ ಯಾರೂ ಆಕ್ಷೇಪಿಸುವಂತಿಲ್ಲ. 1300ರ ಆಸುಪಾಸಿನ ಹಸ್ತಪ್ರತಿಗಳಲ್ಲಿ ಆ ಮಹಾಶಯ ಇದ್ದೇ ಇದ್ದಾನೆ.