ಹಿಂದಿನವರು ಮುಂದಿನವರನ್ನು ಹಿಡಿದ ಕಥೆ

ಇಂಗ್ಲಿಷಿನ ‘ಕ್ಯಾಚ್ ಅಪ್’ ಎಂದರೆ ಮುಂದೆ ಹೋದವರನ್ನು ಹಿಂದಿನಿಂದ ಓಡಿ ಸೇರಿಕೊಳ್ಳುವುದು. ಇದಕ್ಕೆ ಮಂಡ್ಯ ಜಿಲ್ಲೆಯ ರೈಲಿಗಿಂತ ಒಳ್ಳೆಯ ಉದಾಹರಣೆ ಬೇಕೆ? ಶ್ರೀರಂಗಪಟ್ಟಣ, ಪಾಂಡವಪುರಗಳು 1880ರ ದಶಕದಲ್ಲೇ ರೈಲು ಕಂಡವು. ನಾಗಮಂಗಲ ತಾಲ್ಲೂಕಿನ ಮೇಲೆ ಬೆಂಗಳೂರು–ಹಾಸನ ರೈಲು ಓಡಿದ್ದು 2017ರಲ್ಲಿ. ತಡವಾದರೂ ಹಿಡಿದೆವಲ್ಲ ಎಂದು ಅಲ್ಲಿನವರು ಮೀಸೆ ತಿರುವಬಹುದು. ‘ನಿಲ್ದಾಣ ಇರೋದು ಬಿ.ಜಿ. ನಗರದಲ್ಲಿ, ಪೇಟೆಗೆಲ್ಲಿ ಬಂತು ಸ್ವಾಮಿ?’ ಎಂದು ಕೊಂಕು ತೆಗೆಯುವವರಿದ್ದಾರೆ. ಹಾಗೆ ನೋಡಿದರೆ ಕೆ.ಆರ್. ಪೇಟೆಯವರೂ ರೈಲು ಹತ್ತಲು ಅಕ್ಕಿಹೆಬ್ಬಾಳಿಗೆ ಹೋಗಬೇಕು. ತಾಲ್ಲೂಕಿಗೆ ಬಂದದ್ದನ್ನು ಊರಿಗೆ ಬಂದಂತೆಯೇ ಎಣಿಸುವುದು ನಮ್ಮ ರೂಢಿ.

ನಿಜವಾದ ತಕರಾರು ಬೇರೆ: ಮುಂದಿನವರು ನಿಂತು ಕಾಯುತ್ತಾರೆಯೇ? ಅದೇ 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡವಾಗಿದೆಯೆಂದು ಟಿಪ್ಪುವಿನ ಮದ್ದಿನ ಮನೆಯನ್ನೇ ಇಡಿಯಾಗಿ ಎತ್ತಿ ಅತ್ತ ಸರಿಸಿದರು. ನಾಗಮಂಗಲಕ್ಕೆ ಒಂದು ಹಳಿ ಬರುವಷ್ಟರಲ್ಲಿ ಪಟ್ಟಣದವರು ಎರಡನೆಯದನ್ನು ಹಾಸಿಕೊಳ್ಳಲು ಹೊರಟಿದ್ದರು.