ಕೊರಳಿಗೊಂದು ‘ಮನುಷ್ಯ’ ಬಿಲ್ಲೆ

ಕನ್ನಡದಲ್ಲಿ ‘ರದ್ದಾಗಿದೆ’ ಎಂಬುದಕ್ಕಿಂತ ಇಂಪಾದ ಪದ ಇನ್ನೊಂದಿಲ್ಲ. ಮೀಟಿಂಗ್ ರದ್ದು, ಆಫೀಸಿನ ಪಿಕ್ನಿಕ್ ರದ್ದು ಎಂಬ ಸುದ್ದಿ ಬಂದರೆ ಮುಖ ಬಾಡಿಸಿಕೊಂಡು ಒಳಗೊಳಗೇ ಹೋಳಿಗೆ ತಿನ್ನುವ ಪಂಗಡ ನನ್ನದು. ಹಾಗಾಗಿ ಲಾಸ್ ವೇಗಸ್‌ನ ಹ್ಯಾಕರ್ ಸಮ್ಮೇಳನಕ್ಕೆ ಹೊರಟಿದ್ದಾಗ ಸಹೋದ್ಯೋಗಿಯೊಬ್ಬ ‘ಡೆಫ್ ಕಾನ್ ರದ್ದಾಗಿದೆಯಂತೆ’ ಎಂದು ಫೋನ್ ಮಾಡಿದ್ದೇ ತಡ, ಸೂಟ್‌ಕೇಸಿಗೆ ತುಂಬಿದ್ದ ಬನಿಯನ್ನುಗಳನ್ನು ಹೊರಗೆ ತೆಗೆಯತೊಡಗಿದೆ. ಅದು ಆ ಬಳಗದ ಹಳೇ ಜೋಕು, ಪ್ರತಿವರ್ಷ ಯಾರಾದರೂ ಹೇಳಿಯೇ ಹೇಳುತ್ತಾರೆ ಎಂದು ಆಮೇಲೆ ತಿಳಿಯಿತು. 2020ರಲ್ಲಿ ಕೊರೊನಾ ದೆಸೆಯಿಂದ ಜೋಕು ನಿಜವಾಗಿ, ಇಡೀ ಸಮ್ಮೇಳನ ಇಂಟರ್ನೆಟ್ಟಿನಲ್ಲೇ ನಡೆಯಿತು. ಆ ಭಾಗ್ಯ ಒದಗಿದ ವರ್ಷ ನಾನು ಹೊರಟೇ ಇರಲಿಲ್ಲ.

ಆಗಸ್ಟ್ ತಿಂಗಳ ವೇಗಸ್ ಎಂದರೆ 40 ಡಿಗ್ರಿ ದಾಟಿದ ಬಿಸಿಲು, ರಾಯಚೂರಿನ ಮೇ ತಿಂಗಳ ತಮ್ಮ. ಒಳಗೆ 20,000ಕ್ಕೂ ಹೆಚ್ಚು ಜನ. ಅಲ್ಲಿ ಕ್ಯೂ ಕೂಡ ಒಂದು ಕಾರ್ಯಕ್ರಮ, ಅದಕ್ಕೆ ‘ಲೈನ್‌ಕಾನ್’ ಎಂದೇ ಹೆಸರು. ಎದೆ ಹೊಡೆದುಕೊಳ್ಳುತ್ತಾ ಕೌಂಟರ್ ತಲುಪಿದೆ. ನಗದು ಕೊಟ್ಟೆ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಕೊರಳಿಗೆ ಒಂದು ಬಿಲ್ಲೆ ಬಿತ್ತು. ಸ್ವಯಂಸೇವಕರ ಬಿಲ್ಲೆಯ ಮೇಲೆ ‘ಗೂನ್’, ಅಂದರೆ ರೌಡಿ, ಎಂದಿರುತ್ತದೆ. ನಮ್ಮಂಥ ಸಾಮಾನ್ಯರದರ ಮೇಲೆ ‘ಹ್ಯೂಮನ್’. ‘ಮನುಷ್ಯರ ಹಾಗೆ ನಾಲ್ಕು ಜನರ ಹತ್ತಿರ ಮಾತಾಡೋ’ ಎಂದು ಮೂವತ್ತು ವರ್ಷದಿಂದ ಗೊಣಗುತ್ತಿರುವ ಅಮ್ಮನಿಗೆ ತೋರಿಸಲು ಕೊನೆಗೂ ಒಂದು ದಾಖಲೆ ಸಿಕ್ಕಿತು.

ಅಲ್ಲೊಂದು 3-2-1 ಸೂತ್ರವಿದೆ: ದಿನಕ್ಕೆ ಕನಿಷ್ಠ ಮೂರು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ. ಸ್ನಾನಕ್ಕೂ ಸೂತ್ರ ಬೇಕಾದ ಜನರ ನಡುವೆ ನನಗೆ ಅಷ್ಟೇನೂ ಪರಕೀಯ ಅನ್ನಿಸಲಿಲ್ಲ. ನಾನು ಅದರ ಕೊನೆಗೊಂದು ಸೊನ್ನೆ ಸೇರಿಸಿಕೊಂಡೆ: ಸೊನ್ನೆ ಮಾತು.

ಈ ವ್ರತಕ್ಕೆ ಹೇಳಿ ಮಾಡಿಸಿದಂಥ ಜಾಗವೂ ಸಿಕ್ಕಿತು. ಕೀಲಿಕೈಯಿಲ್ಲದೆ ಬೀಗ ತೆಗೆಯುವುದನ್ನು ಕಲಿಸುವ ಕೋಣೆ. ಒಂದು ಕಡ್ಡಿಯಿಂದ ಬೀಗದ ಒಡಲನ್ನು ಹಗುರಾಗಿ ತಿರುಚಿ ಹಿಡಿದು, ಇನ್ನೊಂದರಿಂದ ಒಳಗಿನ ಪಿನ್ನುಗಳನ್ನು ಒಂದೊಂದಾಗಿ ಎತ್ತಬೇಕು. ಸರಿಯಾಗಿ ಕೂತ ಪಿನ್ನು ‘ಟಿಕ್’ ಎನ್ನುತ್ತದೆ. ಬಲ ಹಾಕಿದಿರೋ, ಎಲ್ಲವೂ ಬಿಗಿದುಕೊಳ್ಳುತ್ತವೆ. ‘ಯಾಕೋ ಮೂಗನ ಹಾಗೆ ಕೂತಿದ್ದೀಯ’ ಎಂದು ಬೆನ್ನಿಗೆ ಗುದ್ದುವ ನಮ್ಮ ಬಂಧುಬಳಗಕ್ಕೆ ಈ ವಿದ್ಯೆ ಯಾರೂ ಕಲಿಸಿಲ್ಲ. ಪಕ್ಕದಲ್ಲೊಬ್ಬ ಬಿಳಿಗಡ್ಡದ ಯಜಮಾನ. ನಾನು ಒಂದು ಬೀಗ ತೆಗೆದರೆ ಅದಕ್ಕಿಂತ ಗಟ್ಟಿ ಬೀಗವನ್ನು ನನ್ನತ್ತ ತಳ್ಳುತ್ತಿದ್ದ. ಹೀಗೆ ಮೂರು ದಿನ ನಾವು ಯಥೇಚ್ಛ ಹರಟಿದೆವು, ಒಂದೂ ಮಾತಾಡದೆ.

ನಾಲ್ಕನೆಯ ದಿನ ಭಾನುವಾರ. ಅಂದು ಬೆಳಿಗ್ಗೆ ಏನಾಯಿತೋ, ನನ್ನ ನಾಲಿಗೆ ಸಡಿಲಾಯಿತು. ಸಂಕೋಚದವರ ಹಣೆಬರಹವೇ ಇದು: ನಾವು ಬಿಸಿಯಾಗುವ ಹೊತ್ತಿಗೆ ಒಲೆ ಆರಿರುತ್ತದೆ. ಓಡಿ ಹೋದರೆ ಕೇಬಲ್ಲುಗಳನ್ನು ಸುತ್ತುತ್ತಿದ್ದಾರೆ, ಮೇಜುಗಳ ಕಾಲು ಮಡಚುತ್ತಿದ್ದಾರೆ. ಯಜಮಾನ ಬೀಗಗಳನ್ನು ಡಬ್ಬಕ್ಕೆ ಸುರಿಯುತ್ತಿದ್ದ. ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಅನ್ನಬಾರದಷ್ಟೇ? ಗಾಬರಿಯಲ್ಲಿ ‘ಬರ್ತೀನಿ’ ಎಂಬುದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಐ ವಿಲ್ ಕಮ್’ ಎಂದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬರುವುದಾದರೆ ಆ ಡಬ್ಬದ ತುದಿ ಹಿಡಿ ಎಂದ. ಹಿಡಿದೆ.

ಆ ಕಬ್ಬಿಣದ ಭಾರ ಹೊತ್ತು ಪಾರ್ಕಿಂಗ್‌ವರೆಗೆ ನಡೆಯುವಾಗ ಆತ ಈ ಜಾತ್ರೆಯ ಹುಟ್ಟಿನ ಕಥೆ ಹೇಳಿದ. 1993ರಲ್ಲಿ ಜೆಫ್ ಮಾಸ್ ಎಂಬ ತರುಣ ಇದನ್ನು ಹೂಡಿದ್ದು ಊರು ಬಿಡುತ್ತಿದ್ದ ಗೆಳೆಯನೊಬ್ಬನ ಬೀಳ್ಕೊಡುಗೆಗಾಗಿ. ಗೆಳೆಯ ಅದಕ್ಕೆ ಮೊದಲೇ ಹೊರಟುಹೋದ. ಮಾಡುವುದೇನು, ಜೆಫ್ ಸಿಕ್ಕಸಿಕ್ಕವರನ್ನು ಕರೆದ, ಸುಮಾರು ನೂರು ಜನ ಸೇರಿದರು. ಗೆಳೆಯನ ಅಪ್ಪನಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು ಎಂಬುದು ಎಲ್ಲರೂ ಹೇಳುವ ಕಾರಣ. ನನಗೆ ಮಾತ್ರ ಅನುಮಾನ. ತನಗೇ ಇಟ್ಟ ಬೀಳ್ಕೊಡುಗೆಯಿಂದ ತಪ್ಪಿಸಿಕೊಂಡವನು ಖಂಡಿತ ನಮ್ಮವನೇ.

ಊರಿಗೆ ಬಂದು ಅಮ್ಮನಿಗೆ ಬಿಲ್ಲೆ ತೋರಿಸಿ, ಬರೆದದ್ದನ್ನು ಓದಿ ಹೇಳಿದೆ. ತಿರುಗಿಸಿ ಮುರುಗಿಸಿ ನೋಡಿ, ‘ನಾಲ್ಕೇ ದಿನಕ್ಕಾ?’ ಎಂದು ಕೇಳಿದಳು. ಬಿಲ್ಲೆ ಈಗ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿದೆ.

ಮೊನ್ನೆ ಅದೇ ಸಹೋದ್ಯೋಗಿ ಸಿಕ್ಕಿ, ‘ಈ ವರ್ಷ ಡೆಫ್ ಕಾನ್ ರದ್ದಂತೆ’ ಎಂದ. ಗೊತ್ತಿರುವ ಜೋಕೇ. ಆದರೂ ಅವನು ಅತ್ತ ಹೋದ ಮೇಲೆ ಮೊಬೈಲ್ ತೆಗೆದು ಒಂದು ಸಲ ಖಚಿತಪಡಿಸಿಕೊಂಡೆ. ರದ್ದಾಗಿರಲಿಲ್ಲ, ಸದ್ಯ.