ಭಾನುವಾರದ ಹೊಟ್ಟೆ

ಡಾಕ್ಟರು ಕೇಳಿದ ಪ್ರಶ್ನೆಗಳಿಗೆ ನಾನು ಒಂದೂ ಸುಳ್ಳು ಹೇಳಲಿಲ್ಲ. "ಬೆಳಿಗ್ಗೆ ತಿಂಡಿಗೆ ಏನು ತಿಂತೀರಿ?" ಎಂದರು. "ಒಂದು ತಟ್ಟೆ ಉಪ್ಪಿಟ್ಟು, ಇಲ್ಲವೇ ಅವಲಕ್ಕಿ" ಎಂದೆ. "ಮಧ್ಯಾಹ್ನ?" "ಡಬ್ಬಿ. ಎರಡು ಚಪಾತಿ, ಪಲ್ಯ, ಒಂದು ಹಿಡಿ ಮೊಸರನ್ನ." "ರಾತ್ರಿ?" "ಒಂದು ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ." ಡಾಕ್ಟರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಹೊಟ್ಟೆ ನೋಡಿದರು, ಕೊನೆಗೆ ಕೈಲಿದ್ದ ರಿಪೋರ್ಟು ನೋಡಿದರು. ಮೂರೂ ಒಂದಕ್ಕೊಂದು ತಾಳೆಯಾಗಲಿಲ್ಲ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಲೆಕ್ಕ ತಾಳೆ ನೋಡಿದವನಿಗೆ ಆ ನೋಟ ಚೆನ್ನಾಗಿ ಗೊತ್ತು. ಎಲ್ಲೋ ಒಂದು ಎಂಟ್ರಿ ಬಿಟ್ಟುಹೋಗಿದೆ ಅನ್ನುವ ನೋಟ ಅದು.

ಬಿಟ್ಟುಹೋದ ಎಂಟ್ರಿಯನ್ನು ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ತುಂಬಿದಳು. "ಇವರು ಹೇಳಿದ್ದು ಮಂಗಳವಾರದ್ದು ಡಾಕ್ಟ್ರೇ. ಭಾನುವಾರದ್ದು ಕೇಳಿ."

ಮುಂಚೆಲ್ಲ ಸಕ್ಕರೆ ಪರೀಕ್ಷೆಯನ್ನು ಏಮಾರಿಸುವುದು ಸುಲಭವಿತ್ತು. ಎರಡು ದಿನ ಬಾಯಿ ಕಟ್ಟಿ, ಮೂರನೇ ದಿನ ಖಾಲಿ ಹೊಟ್ಟೆಯಲ್ಲಿ ಹೋಗಿ ಕೈ ಚಾಚಿದರೆ ಆಯಿತು. ಈಗ ಎಚ್‌ಬಿಎ1ಸಿ ಅಂತ ಒಂದು ಬಂದಿದೆ. ಅದು ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿ ಹೇಳುತ್ತದೆ. ಆಡಿಟ್‌ನವರು ಬರುವ ಹಿಂದಿನ ರಾತ್ರಿ ಕೂತು ಪುಸ್ತಕ ಸರಿಮಾಡಿ ಪಾರಾಗುವ ಕಾಲ ಮುಗಿಯಿತು. ಮೂರು ತಿಂಗಳೆಂದರೆ ಹದಿಮೂರು ಭಾನುವಾರ. ನನ್ನಂಥ ಬ್ಯಾಂಕಿನವನಿಗೆ ಅದರ ಮೇಲೆ ಆರು ಶನಿವಾರ ಬೇರೆ. ಮೊದಲು ನಮಗೆ ಶನಿವಾರ ಅರ್ಧ ದಿನ ಕೆಲಸ. 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಪೂರ್ತಿ ರಜೆ, ಮಿಕ್ಕ ಶನಿವಾರ ಪೂರ್ತಿ ಕೆಲಸ ಎಂದಾಯಿತು. ಒಪ್ಪಂದಕ್ಕೆ ರುಜು ಹಾಕಿದವರು ಎಲ್ಲವನ್ನೂ ಯೋಚಿಸಿದ್ದರು, ನನ್ನ ಪ್ಯಾಂಟಿನ ಸೊಂಟ ಒಂದನ್ನು ಬಿಟ್ಟು.

ವಾರದ ದಿನಗಳ ನನ್ನ ಮಿತಾಹಾರಕ್ಕೆ ಶಾಖೆಯಲ್ಲಿ ಒಳ್ಳೆಯ ಹೆಸರಿದೆ. ಹೊಸದಾಗಿ ಸೇರಿದ ಹುಡುಗರು ನನ್ನ ಡಬ್ಬಿ ನೋಡಿ "ಸರ್, ನಿಮ್ಮ ಕಂಟ್ರೋಲು ನಮಗೆ ಬರಲ್ಲ" ಅನ್ನುತ್ತಾರೆ. ನಾನು ತಲೆ ತಗ್ಗಿಸಿ ಹೊಗಳಿಕೆಯನ್ನು ಜಮಾ ಮಾಡಿಕೊಳ್ಳುತ್ತೇನೆ. ಅದು ಕಂಟ್ರೋಲೂ ಅಲ್ಲ, ಏನೂ ಅಲ್ಲ. ಪುರಸೊತ್ತಿಲ್ಲ, ಅಷ್ಟೆ. ಏಳೂಮುಕ್ಕಾಲರ ಬಸ್ಸು ಹಿಡಿಯಬೇಕಾದವನು ಉಪ್ಪಿಟ್ಟಿನ ರುಚಿ ನೋಡುತ್ತಾ ಕೂರುವುದುಂಟೆ? ಸೋಮವಾರ ಹುಳಿ ಬಂದ ಹಿಟ್ಟಿನ ಪಡ್ಡು, ಮಂಗಳವಾರ ಉಪ್ಪಿಟ್ಟು, ಬುಧವಾರ ಚಿತ್ರಾನ್ನ, ಗುರುವಾರ ಅವಲಕ್ಕಿ, ಶುಕ್ರವಾರ ಮತ್ತೆ ಉಪ್ಪಿಟ್ಟು. ನಮ್ಮ ಮನೆಯಲ್ಲಿ ಗೋಡೆಗೆ ಕ್ಯಾಲೆಂಡರೇ ಬೇಡ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ, ಪಾಸ್‌ಬುಕ್ ಹಿಡಿದು ನಿಂತವರು ಗಾಜಿನಾಚೆಯಿಂದ ನನ್ನ ಚಪಾತಿ ಎಣಿಸುತ್ತಿರುತ್ತಾರೆ. ಮೂರನೆಯದನ್ನು ತಿನ್ನುವ ಧೈರ್ಯ ಯಾರಿಗಿದೆ?

ನಮ್ಮ ಕ್ಯಾಶಿಯರ್ ಮಂಡ್ಯ ಕಡೆಯವರು. ಅವರ ಕಷ್ಟ ಇನ್ನೊಂದು ಥರದ್ದು. ಅವರ ಮನೆಯಲ್ಲಿ ಸೋಮವಾರ ಶಿವನದು, ಗುರುವಾರ ರಾಯರದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಆಂಜನೇಯನದು. ಮಂಗಳವಾರಕ್ಕೆ ಅವರ ತಾಯಿ ಯಾವುದೋ ಹರಕೆ ಹೊತ್ತುಬಿಟ್ಟಿದ್ದಾರೆ. ದೇವರುಗಳೆಲ್ಲ ಹಂಚಿಕೊಂಡು ಕೋಳಿಗೆ ಮಿಕ್ಕದ್ದು ಬುಧವಾರ, ಭಾನುವಾರ. ಬುಧವಾರ ಸೊಪ್ಪು ಬಿಡಿಸುವುದಕ್ಕೇ ಹೊತ್ತಿಲ್ಲ, ಮಟನ್ ಎಲ್ಲಿಂದ ಬರಬೇಕು? ಹಾಗಾಗಿ ಏಳು ದಿನದ ಆಸೆಯೆಲ್ಲ ಒಟ್ಟಾಗಿ ಭಾನುವಾರ ಬೆಳಗಿನ ಜಾವ ಮಾಂಸದಂಗಡಿ ಮುಂದೆ ಸಾಲು ನಿಲ್ಲುತ್ತದೆ. "ಭಾನುವಾರ ಸೂರ್ಯನದಲ್ಲವೇನ್ರೀ?" ಎಂದು ಒಮ್ಮೆ ಕೇಳಿದೆ. "ಅವ್ನು ಹುಟ್ಟೋದ್ರೊಳ್ಗೆ ನಾವು ಕ್ಯೂನಲ್ಲಿರ್ತೀವಿ ಸಾರ್, ಅವ್ನಿಗೆ ಗೊತ್ತಾಗಲ್ಲ" ಅಂದರು.

ಅರಸೀಕೆರೆಯಲ್ಲಿ ನಮ್ಮ ಅಪ್ಪನಿಗೆ ವಾರಾಂತ್ಯ ಅನ್ನುವ ಮಾತೇ ಗೊತ್ತಿರಲಿಲ್ಲ. ಅಪ್ಪ ಮೇಷ್ಟರು. ಆಗಿನ ಊಟದ ಏರುಪೇರೆಲ್ಲ ತಿಥಿಯ ಮೇಲೆ: ಏಕಾದಶಿ, ಅಮಾವಾಸ್ಯೆ, ಹಬ್ಬ. ಸುತ್ತಲಿನ ಹಳ್ಳಿಗಳ ರೈತರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ, ಅದು ಬಸವಣ್ಣನ ವಾರ. ದುಡಿಯುವ ಮನುಷ್ಯನಿಗೆ ಅಂಥ ಒಂದು ವಾರ ಸಿಕ್ಕಿದ್ದು ತಡವಾಗಿ. ನಾರಾಯಣ ಮೇಘಾಜಿ ಲೋಖಂಡೆಯವರು ಗಟ್ಟಿಯಾಗಿ ನಿಂತು ಕೇಳಿದ ಮೇಲೆ, 1890ರಲ್ಲಿ, ಮುಂಬಯಿಯ ಗಿರಣಿ ಕೆಲಸಗಾರರಿಗೆ ಭಾನುವಾರದ ರಜೆ ಬಂತು. ನನ್ನ ಹೊಟ್ಟೆಯ ಪರವಾಗಿ ಅವರಿಗೊಂದು ನಮಸ್ಕಾರ.

ಅಪ್ಪನ ವಾರದಲ್ಲಿ ಎದ್ದು ಕಾಣುತ್ತಿದ್ದ ದಿನ ಶನಿವಾರ. ಬೆಳಗಿನ ಸ್ಕೂಲು ಮುಗಿಸಿ ಬಂದು ಒಂದು ಹೊತ್ತು ಊಟ, ರಾತ್ರಿ ಬರೀ ಫಲಾಹಾರ. ಒಪ್ಪತ್ತು. ಹಣ್ಣು ತಿನ್ನುವುದಕ್ಕೆ ಫಲಾಹಾರ ಅನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಮನೆಯಲ್ಲಿ ಫಲವೆಂದರೆ ಕಟ್ಟಕಡೆಗೆ ಬರುತ್ತಿದ್ದ ಒಂದು ಬಾಳೆಹಣ್ಣು. ಅದು ಬರುವುದರೊಳಗೆ ಗೋಡಂಬಿ ಹಾಕಿದ ರವೆ ಉಪ್ಪಿಟ್ಟು, ತುಪ್ಪ ಜಿನುಗುವ ಸಜ್ಜಿಗೆ, ಕಾಯಿತುರಿ ಉದುರಿಸಿದ ಅವಲಕ್ಕಿ, ದೊಡ್ಡ ಲೋಟದಲ್ಲಿ ಕೇಸರಿ ಹಾಲು ಎಲ್ಲ ಬಂದು ಹೋಗಿರುತ್ತಿದ್ದವು. ಅನ್ನ ಮಾತ್ರ ಕೂಡದು. ಬತ್ತವು ಅಕ್ಕಿಯಾಗಿ, ಬೆಂದು ಅನ್ನವಾದರೆ ಮುಸುರೆ. ಅದೇ ಬತ್ತ ನೆನೆದು, ಹುರಿಸಿಕೊಂಡು, ಕುಟ್ಟಿಸಿಕೊಂಡು ಅವಲಕ್ಕಿಯಾದರೆ ಫಲಾಹಾರ. ಅಷ್ಟು ಪೆಟ್ಟು ತಿಂದ ಮೇಲೆ ಅಷ್ಟಾದರೂ ರಿಯಾಯಿತಿ ಬೇಡವೆ? ಅಮ್ಮ ಒಲೆ ಮುಂದೆ ಬೆವರು ಒರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು: "ನಿಮ್ಮಪ್ಪ ಉಪವಾಸ ಮಾಡಿದ ದಿನವೇ ತುಪ್ಪದ ಡಬ್ಬಿ ತಳ ಕಾಣೋದು ಕಣೋ."

ಈಗ ನನ್ನ ಮಗನನ್ನು ನೋಡಿ. ಬೆಳ್ಳಂದೂರಿನ ಕಡೆ ಸಾಫ್ಟ್‌ವೇರ್ ಕೆಲಸ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಹದಿನಾರು ಗಂಟೆ ಉಪವಾಸ, ಮಿಕ್ಕ ಎಂಟು ಗಂಟೆಯಲ್ಲಿ ಓಟ್ಸು, ಮೊಳಕೆ ಕಾಳು, ಒಗ್ಗರಣೆಯಿಲ್ಲದ ಸೌತೆಕಾಯಿ. ಆ ಎಂಟು ಗಂಟೆಗೆ ವಿಂಡೋ ಎಂದು ಹೆಸರು. ಒಂದು ರಾತ್ರಿ ನನ್ನ ಹೆಂಡತಿ ಊಟಕ್ಕೆ ಕರೆದಾಗ "ಬೇಡಮ್ಮ, ನನ್ನ ವಿಂಡೋ ಮುಚ್ಚಿದೆ" ಅಂದ. ಅವಳು ಎದ್ದುಹೋಗಿ ಹಾಲಿನ ಕಿಟಕಿ ತೆಗೆದು ಬಂದಳು. ಶನಿವಾರ ಮಾತ್ರ ಅವನಿಗೆ ಚೀಟ್ ಡೇ. ರಾತ್ರಿ ಹನ್ನೊಂದಕ್ಕೆ ಹೆಲ್ಮೆಟ್ ಹಾಕಿದ ಹುಡುಗ ಬೆಲ್ ಒತ್ತುತ್ತಾನೆ, ಹಿಂದೆಯೇ ಇನ್ನೊಬ್ಬ ಐಸ್‌ಕ್ರೀಮ್ ತರುತ್ತಾನೆ. ಮೋಸ ಮಾಡುವುದು ಯಾರಿಗೆ ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಅಜ್ಜ ಆರು ದಿನ ಉಂಡು ಶನಿವಾರ ಉಪವಾಸ ಮಾಡಿದ. ಮೊಮ್ಮಗ ಐದು ದಿನ ಉಪವಾಸ ಮಾಡಿ ಶನಿವಾರ ಉಣ್ಣುತ್ತಾನೆ. ನಡುವೆ ಸಿಕ್ಕಿಕೊಂಡ ನಾನು ಹಿರಿಯರ ಮಾತೂ ಮೀರಬಾರದು, ಮಕ್ಕಳ ಮನಸ್ಸೂ ನೋಯಬಾರದು ಎಂದು ಶನಿವಾರ ರಾತ್ರಿ ಮೊದಲು ಅಪ್ಪನ ಫಲಾಹಾರ ಮುಗಿಸುತ್ತೇನೆ, ಆಮೇಲೆ ಮಗನ ಐಸ್‌ಕ್ರೀಮಿಗೆ ಚಮಚ ಹಿಡಿಯುತ್ತೇನೆ.

ಭಾನುವಾರದ ಅಡುಗೆಯಲ್ಲಿ ಬೀಳುವ ಮುಖ್ಯ ಸಾಮಾನು ಹೊತ್ತು. ಬೇಕಾದರೆ ಡಿಸೆಂಬರ್, ಜನವರಿಯಲ್ಲಿ ನಮ್ಮ ಮನೆಗೆ ಬನ್ನಿ. ವಾರದ ದಿನ ಸೊಗಡವರೆ ಬಂದರೆ ಕಾಳು ಬಿಡಿಸಿ ನೇರ ಕುಕ್ಕರಿಗೆ, ಉಪ್ಪಿಟ್ಟಿಗೆ. ಭಾನುವಾರವಾದರೆ ಅದೇ ಕಾಳು ಹಿತಕಿದ ಬೇಳೆಯಾಗಬೇಕು. ಶನಿವಾರ ಸಂಜೆ ಮೂರು ಕೆಜಿ ಕಾಯಿ ಬಿಡಿಸಿ, ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ದೊಡ್ಡ ಬೇಸಿನ್ ಸುತ್ತ ಟಿ.ವಿ. ಮುಂದೆ ಮನೆಮಂದಿಯೆಲ್ಲ ಕೂರಬೇಕು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಅದುಮಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಹೆಂಡತಿ ಹಿತಕಿದ್ದು ಪಾತ್ರೆಗೆ, ನಾನು ಹಿತಕಿದ್ದು ಸೋಫಾದಡಿಗೆ, ಮಗ ಹಿತಕಿದ್ದು ಒಮ್ಮೆ ಬೀಗರ ಕನ್ನಡಕಕ್ಕೆ. ಉಗುರಿನ ಸಂದಿಗೆ ಅಂಟಿದ ಸೊಗಡು ಮಂಗಳವಾರದವರೆಗೆ ಹೋಗುವುದಿಲ್ಲ. ಕೌಂಟರಿನಲ್ಲಿ ನೋಟು ಎಣಿಸುವಾಗ ಗಾಂಧೀಜಿಯೂ ಘಮಘಮ ಅನ್ನುತ್ತಾರೆ. ಎರಡು ಗಂಟೆ ಹಿತಕಿದ ಮೇಲೆ ಬೇಸಿನ್ ತುಂಬಾ ಸಿಪ್ಪೆ, ಪಾತ್ರೆಯ ತಳದಲ್ಲಿ ಒಂದಿಷ್ಟು ಬೇಳೆ. ಇಷ್ಟಕ್ಕೆ ಇಷ್ಟೇ ಆಯಿತಲ್ಲ ಅನ್ನುವ ಸಂಕಟಕ್ಕೇ ಅರ್ಧ ಸೇರು ಅಕ್ಕಿ ಹೆಚ್ಚು ಖರ್ಚಾಗುತ್ತದೆ.

ಅವರೆ ಇಲ್ಲದ ತಿಂಗಳುಗಳಲ್ಲಿ ಹೋಟೆಲು. 1943ರಿಂದ ಗಾಂಧಿಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯುವುದೇ ಒಂದು ಸಮಾರಂಭ. ಒಳಗೆ ಒಂದರ ಮೇಲೊಂದು ದೋಸೆ ತಟ್ಟೆಗಳನ್ನು ತೋಳಿನುದ್ದಕ್ಕೂ ಜೋಡಿಸಿಕೊಂಡು ಬರುವ ಸಪ್ಲೈಯರನ್ನು ನೋಡಿದರೆ ಕಾದ ಹೊತ್ತೆಲ್ಲ ಮರೆತುಹೋಗುತ್ತದೆ. ಅಷ್ಟು ಕಾದವರು ಒಂದೇ ದೋಸೆ ತಿಂದು ಏಳುವುದು ಕಾದದ್ದಕ್ಕೆ ಮಾಡುವ ಅವಮಾನ ಎಂದು ನನ್ನ ಅಭಿಪ್ರಾಯ. 1924ರಷ್ಟು ಹಳೆಯ ಎಂ.ಟಿ.ಆರ್.ನವರು ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ, ಎಂದು ಹೇಳುತ್ತಾರೆ. ಅಭಾವಕ್ಕೆ ಹುಟ್ಟಿದ ಆ ಇಡ್ಲಿಯನ್ನು ನಾನು ತಿನ್ನುವುದು ಬೈಟು ಕಾಫಿಗೆ ಮುಂಚೆ, ಖಾರಾಬಾತಿನ ಆಮೇಲೆ.

ಎಡವಟ್ಟಾದದ್ದು ಶಂಕರಪುರದಲ್ಲಿ. ಬ್ರಾಹ್ಮಿನ್ಸ್ ಕಾಫಿ ಬಾರಿನ ಇಡ್ಲಿ, ಚಟ್ನಿ ನನ್ನ ಪ್ರಾಣ. ಸಾಂಬಾರ್ ಕೇಳಬೇಡಿ, ಅಲ್ಲಿ ಸಾಂಬಾರ್ ಇಲ್ಲ. ಒಂದು ಭಾನುವಾರ ಉತ್ಸಾಹದಲ್ಲಿ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಬಾಗಿಲು ಹಾಕಿತ್ತು. ಭಾನುವಾರ ಅವರಿಗೆ ವಾರದ ರಜೆ ಅನ್ನುವುದು ನನಗೆ ಮರೆತೇಹೋಗಿತ್ತು. "ಒಂದೊಂದು ಹೋಟೆಲಿಗೆ ಒಂದೊಂದು ರಜೆ ಕಣೇ" ಎಂದು ಸಮಜಾಯಿಷಿ ಹೇಳಿದೆ. "ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಎಂ.ಟಿ.ಆರ್.ಗೆ ಸೋಮವಾರ, ಇವರಿಗೆ ಭಾನುವಾರ."

ಅವಳು ಸ್ಕೂಟರಿನಿಂದ ಇಳಿದು ಮುಚ್ಚಿದ ಬಾಗಿಲನ್ನು ಬಹಳ ಹೊತ್ತು ನೋಡಿದಳು. ದೇವಸ್ಥಾನದ ಮುಂದೆ ನಿಂತವರ ಹಾಗೆ ನಿಂತಿದ್ದಳು. "ಬರೀ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು ಮಾಡೋರಿಗೇ ವಾರಕ್ಕೊಂದು ರಜೆ ಇದೆ. ಐದು ದಿನ ಡಬ್ಬಿ, ಆರನೇ ದಿನ ಫಲಾಹಾರ, ಏಳನೇ ದಿನ ಹಬ್ಬ ಮಾಡೋಳಿಗೆ ಯಾವ ವಾರ ರಜೆ ರೀ?" ಎಂದಳು.

ನಾನು ಸ್ಕೂಟರಿಗೆ ಕಿಕ್ ಹೊಡೆದೆ. ಅದೂ ತಕ್ಷಣ ಸ್ಟಾರ್ಟ್ ಆಗಲಿಲ್ಲ.

ದಾರಿಯಲ್ಲಿ ಹಿಂದಿನಿಂದ ಲೆಕ್ಕ ಮುಂದುವರಿಯಿತು. "ಇನ್ನು ಎಂಟು ತಿಂಗಳಿಗೆ ನೀವು ರಿಟೈರ್. ಆಮೇಲೆ ವಾರಕ್ಕೆ ಏಳು ಭಾನುವಾರ. ಅಷ್ಟರೊಳಗೆ ನನ್ನ ರಜೆ ಗೊತ್ತುಮಾಡಿಬಿಡಿ." ಬ್ಯಾಂಕಿನಲ್ಲಿ ಎಷ್ಟೋ ಮುಷ್ಕರ ಕಂಡಿದ್ದೇನೆ. ಕೂತು ಮಾತಾಡಿದರೆ ಮೂರು ದಿನದ್ದು ಒಂದು ದಿನಕ್ಕೆ ಇಳಿಯುವುದುಂಟು. ಇಲ್ಲಿ ಮಾತುಕತೆಗೆ ಕರೆಯುವ ಮುಂಚೆಯೇ ತೀರ್ಮಾನ ಆಗಿಹೋಯಿತು. ಮಾರನೆಯ ವಾರದಿಂದ ಅಡುಗೆಮನೆ ಬಾಗಿಲಿಗೆ ಒಂದು ರಟ್ಟು ತೂಗುತ್ತಿದೆ. ಮಗ ಕಂಪ್ಯೂಟರಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಮಾಡಿಕೊಟ್ಟಿದ್ದಾನೆ: ಭಾನುವಾರ ರಜೆ.

ಅಡುಗೆಯಲ್ಲಿ ನನಗೆ ಬರುವುದು ಒಂದೇ, ಅದೂ ನೀರಿನ ಅಳತೆ ತಪ್ಪಿದರೆ ಕಟ್ಟಡ ಕಟ್ಟಲು ಬರುವಂಥದ್ದು. ದೋಸೆ ಈಗ ಗುರುವಾರಕ್ಕೆ ವರ್ಗವಾಗಿದೆ, ತಲೆಗೆ ಎರಡು ಮಾತ್ರ. ಏಳೂಮುಕ್ಕಾಲರ ಬಸ್ಸಿರುವುದರಿಂದ ಮೂರನೆಯದನ್ನು ನಾನೂ ಕೇಳುವುದಿಲ್ಲ. ಡಾಕ್ಟರಿಗೆ ಮೊನ್ನೆಯ ರಿಪೋರ್ಟು ತೋರಿಸಿದೆ. ಈ ಸಲ ಮುಖ, ಹೊಟ್ಟೆ, ರಿಪೋರ್ಟು ಮೂರೂ ಹೆಚ್ಚುಕಡಿಮೆ ತಾಳೆಯಾದವು. ಯಾವ ಮಾತ್ರೆಯಿಂದ ಹೀಗಾಯಿತು ಎಂದು ಅವರು ಚೀಟಿ ತಿರುವಿ ಹಾಕುತ್ತಿದ್ದರು.

ಈ ಭಾನುವಾರ ನಮ್ಮ ಮನೆಯಲ್ಲಿ ಉಪ್ಪಿಟ್ಟು. ಬರುವವರು ದಯವಿಟ್ಟು ತಿಂಡಿ ಮುಗಿಸಿಕೊಂಡೇ ಬನ್ನಿ.